ಎಂಟು ವಾರದ ಸೀಮೆ

ಅಕ್ಕಲಕೋಟೆಯವರಾದ ನಮಗೆ ಗಡಿ ಎಂಬುದು ಹೊಸ ಮಾತಲ್ಲ. ನಮ್ಮ ಬಟ್ಟೆ ಅಂಗಡಿಗೆ ಮಾಲು ಬರುವುದು ಸೋಲಾಪುರದಿಂದ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಆಳಂದ, ಅಫಜಲಪುರದ ಕಡೆಯ ಹಳ್ಳಿಗಳವರು. ಮಾಲು ಮಹಾರಾಷ್ಟ್ರದ್ದು, ಗಿರಾಕಿ ಕರ್ನಾಟಕದವರು, ಉದ್ರಿ ಖಾತೆ ಮಾತ್ರ ಎರಡೂ ರಾಜ್ಯಕ್ಕೆ ಸೇರಿದ್ದು. ಬಸ್ಸು ಗಡಿ ದಾಟಿತೆಂದು ಗೊತ್ತಾಗುವುದು ರಸ್ತೆ ಬದಿಯ ಫಲಕದಲ್ಲಿ ಅಕ್ಷರ ಬದಲಾದಾಗ, ಅಷ್ಟೇ. ಬೀಗರ ಮನೆಗೆ, ಬಸದಿಯ ಪೂಜೆಗೆ, ವಸೂಲಿಗೆ ಎಂದು ವಾರಕ್ಕೆ ನಾಲ್ಕು ಸಲ ಆಚೆ ಹೋಗಿ ಈಚೆ ಬರುವ ನಾವು, ಗಡಿ ಎಂದರೆ ನಿಜವಾಗಿ ಏನೆಂಬುದನ್ನು ಅರವತ್ತು ದಾಟಿದ ಮೇಲೆ, 2025ರ ಮಳೆಗಾಲದಲ್ಲಿ, ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ ಕಲಿತು ಬಂದೆವು. ನಮ್ಮ ಸಮಾಜದಲ್ಲಿ ಈಗ ಮಕ್ಕಳನ್ನು ಹೊರದೇಶಕ್ಕೆ ಕಳಿಸದ ಮನೆ ವಿರಳ. ಆದ್ದರಿಂದ ನಮ್ಮ ಪ್ರವಾಸದ ಜೊತೆಗೆ ಆ ಪಾಠವನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಹೋದದ್ದು ಮಗನನ್ನು ನೋಡಲು. ಅವನು ಲೆಸ್ಟರಿನಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಮುಗಿಸಿದ. ಅಲ್ಲಿ ಓದಿದವರಿಗೆ ಕೊಡುವ ಎರಡು ವರ್ಷದ ಗ್ರಾಜುಯೇಟ್ ವೀಸಾದ ಮೇಲೆ, ಪ್ಯಾಕಿಂಗ್ ಯಂತ್ರ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮೂರು ವರ್ಷಗಳಿಂದ ಅವನ ಕೋಣೆಯನ್ನು ಫೋನಿನಲ್ಲಷ್ಟೇ ಕಂಡಿದ್ದೆವು.

ಹೊರಡುವ ದಿನ ನಮ್ಮ ಅವ್ವ ಬಾಗಿಲವರೆಗೆ ಬಂದಳು. ಎಂಬತ್ತೆರಡು ವರ್ಷ. ಇನ್ನೊಂದು ವಾರಕ್ಕೆ ಚಾತುರ್ಮಾಸ. ಅವ್ವನದು ಅನೇಕ ವರ್ಷಗಳ ನೇಮ: ಆ ನಾಲ್ಕು ತಿಂಗಳು ಊರ ಸೀಮೆ ದಾಟುವುದಿಲ್ಲ. ಶ್ರಾವಕರ ವ್ರತಗಳಲ್ಲಿ ದಿಗ್ವ್ರತ, ದೇಶವ್ರತ ಎಂದು ಇವೆಯಲ್ಲ, ಇಂತಿಷ್ಟು ದಿಕ್ಕು, ಇಂತಿಷ್ಟು ದೂರ, ಇಂತಿಷ್ಟು ಕಾಲ ಎಂದು ತಿರುಗಾಟಕ್ಕೆ ತಾನೇ ಗೆರೆ ಹಾಕಿಕೊಳ್ಳುವುದು, ಅದನ್ನು ಅವ್ವ ತನ್ನ ರೀತಿಯಲ್ಲಿ ನಡೆಸಿಕೊಂಡು ಬಂದಿದ್ದಾಳೆ. “ನಾ ಅಂತೂ ಎಲ್ಲಿಗೂ ಹೋಗಂಗಿಲ್ಲ. ಅಂವಗ ಹೇಳ್ರಿ, ದೀಪಾವಳಿಗೆ ಬಂದು ಮುಖಾ ತೋರಿಸು ಅಂತ” ಎಂದಳು. ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹಿಡಿದು ಮುಂಬಯಿಗೆ ಹೋಗಿ ವಿಮಾನ ಏರಿದೆವು.

ಲಂಡನ್ನಿನ ಹೀಥ್ರೋ ನಿಲ್ದಾಣದಲ್ಲಿ ಅಧಿಕಾರಿ ನಮ್ಮನ್ನು ಕೇಳಿದ್ದು ನಾಲ್ಕೇ ಮಾತು: ಎಲ್ಲಿಗೆ, ಯಾರ ಮನೆಗೆ, ಎಷ್ಟು ದಿನ, ಊರಲ್ಲಿ ಏನು ಕೆಲಸ. ಅಂಗಡಿ ಎಂದೆವು. ಸಂದರ್ಶಕರ ವೀಸಾದಲ್ಲಿ ಆರು ತಿಂಗಳವರೆಗೆ ಇರಬಹುದು, ಕೆಲಸ ಮಾಡುವಂತಿಲ್ಲ. ನಾವು ನಕ್ಕೆವು. ಈ ವಯಸ್ಸಿನಲ್ಲಿ ನಮಗೆ ಕೆಲಸ ಕೊಡುವವರು ಯಾರು?

ಲೆಸ್ಟರ್ ನಮಗೆ ಪರದೇಶವೆನಿಸಲಿಲ್ಲ. 2021ರ ಜನಗಣತಿಯ ಪ್ರಕಾರ ಆ ಪಟ್ಟಣದಲ್ಲಿ ಮೂವರಲ್ಲಿ ಒಬ್ಬರು ಭಾರತೀಯ ಮೂಲದವರು. ಬೆಲ್‌ಗ್ರೇವ್ ರಸ್ತೆಗೆ ಹೋದರೆ ಚಿನ್ನದಂಗಡಿ, ಸೀರೆಯಂಗಡಿ, ಮಿಠಾಯಿ ಅಂಗಡಿ. ದೀಪಾವಳಿಗೆ ರಸ್ತೆಯುದ್ದಕ್ಕೂ ದೀಪದ ತೋರಣ ಕಟ್ಟುತ್ತಾರೆ. ಇವರಲ್ಲಿ ಬಹಳ ಜನ ಬಂದದ್ದು ನೇರವಾಗಿ ಭಾರತದಿಂದಲ್ಲ, ಆಫ್ರಿಕದಿಂದ. 1972ರ ಆಗಸ್ಟ್‌ನಲ್ಲಿ ಉಗಾಂಡದ ಇದಿ ಅಮೀನ್ ಅಲ್ಲಿನ ಏಷ್ಯದವರಿಗೆ ದೇಶ ಬಿಡಲು 90 ದಿನ ಗಡುವು ಕೊಟ್ಟ. ಎರಡು ಮೂರು ತಲೆಮಾರಿನ ಅಂಗಡಿ, ಗೋದಾಮು, ಮನೆ, ಎಲ್ಲವನ್ನೂ ಬಿಟ್ಟು ಗುಜರಾತಿ ವ್ಯಾಪಾರಿಗಳು ಹೊರಟರು. ಆಗ ಲೆಸ್ಟರಿನ ನಗರಸಭೆ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಮ್ಮಲ್ಲಿ ಮನೆಯಿಲ್ಲ, ಶಾಲೆಯಲ್ಲಿ ಜಾಗವಿಲ್ಲ, ಇಲ್ಲಿಗೆ ಬರಬೇಡಿ ಎಂದು ತಿಳಿಸಿತ್ತು. ಆದರೂ ಬಂದರು. ಇಂದು ಆ ಊರಿನ ಪೇಟೆ ನಿಂತಿರುವುದರಲ್ಲಿ ಅವರ ಪಾಲು ದೊಡ್ಡದು.

ಆಕ್ಸ್‌ಫರ್ಡ್ ಬೀದಿಯ ಜೈನ ಮಂದಿರವೂ ಅದೇ ಕಾಲದ ಶ್ರಮದ ಫಲ. ಮೊದಲು ಅದು ಕ್ರೈಸ್ತರ ಪ್ರಾರ್ಥನಾಲಯ. 1979ರಲ್ಲಿ ಸಮಾಜದವರು ಕೊಂಡರು, 1988ರಲ್ಲಿ ಪ್ರತಿಷ್ಠೆಯಾಯಿತು. ಮುಂಭಾಗಕ್ಕೆ ಬಿಳಿ ಅಮೃತಶಿಲೆಯ ಕೆತ್ತನೆ, ಒಳಗೆ ಬಣ್ಣದ ಗಾಜಿನ ಕಿಟಕಿಗಳಲ್ಲಿ ಮಹಾವೀರ ಸ್ವಾಮಿಯ ಜೀವನದ ಚಿತ್ರಗಳು. ಶ್ವೇತಾಂಬರ, ದಿಗಂಬರ, ಸ್ಥಾನಕವಾಸಿ ಎಲ್ಲರಿಗೂ ಒಂದೇ ಸೂರಿನಡಿ ಜಾಗವಿದೆ. ನಮ್ಮ ಊರುಗಳಲ್ಲಿ ಒಂದು ಬೀದಿಯಲ್ಲಿ ಇದ್ದರೂ ಒಬ್ಬರ ಮಂದಿರಕ್ಕೆ ಇನ್ನೊಬ್ಬರು ಹೋಗುವುದು ಹಬ್ಬಕ್ಕೊಮ್ಮೆ. ಅಲ್ಲಿ ಒಂದೇ ಅಟ್ಟಣಿಗೆಯಲ್ಲಿ ಎಲ್ಲರ ಚಪ್ಪಲಿ. ನಮ್ಮ ಮನೆಯವರು ಅದನ್ನೇ ಬಹಳ ಹೊತ್ತು ನೋಡುತ್ತ ನಿಂತಿದ್ದರು.

ಆ ಮಂದಿರದಲ್ಲಿ ಪರಿಚಯವಾದ ಒಬ್ಬ ಗುಜರಾತಿ ವ್ಯಾಪಾರಿ ನಮ್ಮನ್ನು ಬೆಲ್‌ಗ್ರೇವ್ ರಸ್ತೆಯ ತಮ್ಮ ಸೀರೆಯಂಗಡಿಗೆ ಕರೆದರು. ಶನಿವಾರ ಮಧ್ಯಾಹ್ನ, ಮದುವೆ ಸೀರೆಗೆ ಬಂದ ಜನ ಬಾಗಿಲವರೆಗೆ. ಗದ್ದಿಗೆಯ ಮೇಲೆ ಒಬ್ಬ ಹುಡುಗ ಒಂದು ಸೀರೆ ಬಿಚ್ಚಿ ಇನ್ನೊಂದನ್ನು ಮಡಚಲಾರದೆ ಒದ್ದಾಡುತ್ತಿದ್ದ. ನಲವತ್ತು ವರ್ಷದ ಕೈ ಸುಮ್ಮನಿರುತ್ತದೆಯೇ? ಎದ್ದು ಹೋಗಿ ಎರಡು ಸೀರೆ ಮಡಚಿ ಇಟ್ಟು ಮೂರನೆಯದನ್ನು ಬಿಚ್ಚುವಷ್ಟರಲ್ಲಿ ಮಗ ಬಂದು ಕೈ ಹಿಡಿದ.

“ಅಪ್ಪಾ, ಬ್ಯಾಡ್ರಿ. ಇದು ಕೆಲಸ ಆಗ್ತದ.”

“ಪಗಾರ ಯಾರು ತಗೋತಾರೋ ತಮ್ಮಾ?”

“ಪಗಾರ ಇಲ್ಲಂದ್ರೂ ಕೆಲಸ ಕೆಲಸಾನೇ ಇಲ್ಲೆ. ನಿಮ್ಮ ವೀಸಾದಾಗ ಅದಕ್ಕ ಆಸ್ಪದ ಇಲ್ಲ. ಯಾರರೆ ಕೇಳಿದ್ರ ಅಂಗಡಿಯವ್ರಿಗೂ ತ್ರಾಸು.”

ಅಂಗಡಿಯ ಯಜಮಾನರು ನಕ್ಕು ನಮ್ಮನ್ನು ಕುರ್ಚಿಗೆ ಕೂರಿಸಿ ಚಹಾ ತರಿಸಿದರು. ನಮಗೆ ಮಾತ್ರ ನಗು ಬರಲಿಲ್ಲ. ಒಂದು ಸೀರೆ ಮಡಚುವುದಕ್ಕೂ ಕಾಗದ ಬೇಕಾದ ಊರಿನಲ್ಲಿ ಮಗ ಇದ್ದಾನೆಂದು ಅಂದು ತಿಳಿಯಿತು. ಅವನದೇ ಕಾಗದದ ವಿಷಯಕ್ಕೆ ಈಗ ಬರುತ್ತೇವೆ.

ಅವನ ಗ್ರಾಜುಯೇಟ್ ವೀಸಾ ಆಗಸ್ಟ್ 6ಕ್ಕೆ ಮುಗಿಯುವುದಿತ್ತು. ಮುಂದೆ ಇರಬೇಕಾದರೆ ನುರಿತ ಕೆಲಸಗಾರರ ವೀಸಾ, ಅವರು ಸ್ಕಿಲ್ಡ್ ವರ್ಕರ್ ಎನ್ನುವುದು, ಬೇಕು. ಅದಕ್ಕೆ ಸರಕಾರದ ಪರವಾನಗಿ ಪಡೆದ ಕಂಪನಿಯೊಂದು, ಈತ ನಮಗೆ ಬೇಕು, ಇಂಥ ಕೆಲಸ, ಇಂತಿಷ್ಟು ಸಂಬಳ ಎಂದು ಪ್ರಾಯೋಜನೆಯ ಪ್ರಮಾಣಪತ್ರ ಕೊಡಬೇಕು. ಅವನ ಕಂಪನಿ ಕೊಟ್ಟಿತು. ಸಂಬಳ ವರ್ಷಕ್ಕೆ 32,000 ಪೌಂಡು. ಹೊಸದಾಗಿ ಕೆಲಸಕ್ಕೆ ಸೇರುವ ಇಂಥ ಹುಡುಗರಿಗೆ ಆಗ ಇದ್ದ ಕನಿಷ್ಠ ಮಿತಿ 30,960 ಪೌಂಡು. ಆದರೆ ಜುಲೈ 22ರಿಂದ ಅದು 33,400 ಆಗುವುದೆಂದು ಆಜ್ಞೆ ಹೊರಟಿತ್ತು. ಅಂದರೆ ನಮ್ಮ ಹುಡುಗ ಎರಡು ಅಂಕಿಗಳ ನಡುವೆ ನಿಂತಿದ್ದ. 22ಕ್ಕಿಂತ ಮೊದಲಾದರೆ ಹಳೆಯ ಲೆಕ್ಕ, ಆಮೇಲಾದರೆ ಹೊಸ ಲೆಕ್ಕ. ಹೊಸ ಲೆಕ್ಕದಲ್ಲಿ ಆ ಕೆಲಸ ಅವನ ಕೈಗೆ ಸಿಗುವಂತಿರಲಿಲ್ಲ.

ಜುಲೈ 14, ಸೋಮವಾರ ರಾತ್ರಿ ಊಟದ ಮೇಜಿನ ಮೇಲೆಯೇ ಅರ್ಜಿ ಹಾಕಿದ. ಕಚೇರಿಗೆ ಹೋಗುವುದಿಲ್ಲ, ಸರದಿ ಇಲ್ಲ. ಫೋನಿನಿಂದಲೇ ಪಾಸ್‌ಪೋರ್ಟನ್ನೂ ಮುಖವನ್ನೂ ತೋರಿಸಿದರೆ ಆಯಿತು. ಎರಡು ವರ್ಷಕ್ಕೆ ಅರ್ಜಿ ಶುಲ್ಕ 885 ಪೌಂಡು. ಆರೋಗ್ಯ ಸೇವೆಯ ಹೆಚ್ಚುವರಿ ಶುಲ್ಕ ವರ್ಷಕ್ಕೆ 1,035ರಂತೆ ಎರಡು ವರ್ಷಕ್ಕೆ 2,070. ಎರಡೂ ಕೂಡಿ 2,955 ಪೌಂಡು. ನಮ್ಮ ಲೆಕ್ಕದಲ್ಲಿ ಮೂರೂಕಾಲು ಲಕ್ಷ ರೂಪಾಯಿ ದಾಟಿತು. ಕೊನೆಗೊಂದು ಪ್ರಶ್ನೆ ಬಂತು: ಸಾಧಾರಣ ರೀತಿಯಲ್ಲಿ ಎಂಟು ವಾರದೊಳಗೆ ನಿರ್ಣಯ, 500 ಪೌಂಡು ಹೆಚ್ಚಿಗೆ ಕಟ್ಟಿದರೆ ಕೆಲಸದ ಐದು ದಿನದಲ್ಲಿ ನಿರ್ಣಯ. ಬೇಕೇ?

ಮಗ ನಮ್ಮ ಮುಖ ನೋಡಿದ. “ಎಂಟು ವಾರ ಕಾಯಲಿಕ್ಕೆ ಏನು ತ್ರಾಸು? ಐನೂರು ಪೌಂಡು ಅಂದ್ರ ಐವತ್ತೆಂಟು ಸಾವಿರ. ಸುಮ್ಮನ ಯಾಕ ಕಟ್ತಿ?” ಎಂದೆವು. ಅವನು ಬೇಡ ಎಂಬಲ್ಲಿ ಗುರುತು ಮಾಡಿದ. ಸೋಲಾಪುರದಿಂದ ಅಕ್ಕಲಕೋಟೆಗೆ ಬರುವ ಮಾಲಿಗೂ ವಿಮೆ ಮಾಡಿಸುವ ನಾವು, ಮಗನ ಕಾಗದಕ್ಕೆ ಆ ಹಣ ಉಳಿಸಿದೆವು. ಉಳಿಸಿದ್ದಕ್ಕೆ ಅಂದು ಸಮಾಧಾನವೂ ಆಗಿತ್ತು.

ಮರುದಿನದಿಂದ ಕಾಯುವ ಕೆಲಸ. ಹೊತ್ತು ಕಳೆಯಲು ಊರು ನೋಡಿದೆವು. ಬ್ರಾಡ್‌ಗೇಟ್ ಉದ್ಯಾನದಲ್ಲಿ ಜಿಂಕೆಗಳು ಜನರಿಗೆ ಹೆದರದೆ ಮೇಯುವುದನ್ನು ಕಂಡು ನಮ್ಮ ಮನೆಯವರಿಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಪಟ್ಟಣದ ನಡುವೆ ದೊಡ್ಡ ಚರ್ಚಿನಲ್ಲಿ ಮೂರನೆಯ ರಿಚರ್ಡ್ ಎಂಬ ಅರಸನ ಸಮಾಧಿಯಿದೆ. 1485ರಲ್ಲಿ ಯುದ್ಧದಲ್ಲಿ ಸತ್ತ ಆತನ ಎಲುಬುಗಳು 2012ರಲ್ಲಿ ಮೋಟಾರು ನಿಲ್ಲಿಸುವ ಜಾಗದ ಕೆಳಗೆ ಸಿಕ್ಕವು. 2015ರಲ್ಲಿ ಮರ್ಯಾದೆಯಿಂದ ಮಣ್ಣು ಮಾಡಿದರು. “ಅರಸ ಐನೂರು ವರ್ಷ ಕಾದಾನ, ನಾವು ಎಂಟು ವಾರ ಕಾಯೋಣ ಬಿಡ್ರಿ” ಎಂದು ಮಗ ನಗಿಸಿದ.

ಆದರೆ ಆಗಸ್ಟ್ 5ರ ಸಂಜೆ ಅವನು ಸಪ್ಪೆ ಮುಖ ಮಾಡಿಕೊಂಡು ಬಂದ. ನಾಳೆಗೆ ಹಳೆಯ ವೀಸಾ ಮುಗಿಯುತ್ತದೆ, ಹೊಸದು ಬಂದಿಲ್ಲ, ನಾಡಿದ್ದಿನಿಂದ ನಿನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದೋ ಇಲ್ಲವೋ ಎಂದು ಕಂಪನಿಯವರು ಕೇಳಿದ್ದರಂತೆ. ನಮ್ಮ ಎದೆ ಧಸಕ್ಕೆಂದಿತು. ಆಮೇಲೆ ತಿಳಿದದ್ದು ಇದು. ಅಲ್ಲಿನ 1971ರ ವಲಸೆ ಕಾಯ್ದೆಯಲ್ಲಿ 3ಸಿ ಎಂಬ ಕಲಮು ಇದೆ. ಇದ್ದ ವೀಸಾ ಮುಗಿಯುವ ಮೊದಲೇ ಹೊಸ ಅರ್ಜಿ ಹಾಕಿದ್ದರೆ, ನಿರ್ಣಯ ಬರುವ ತನಕ ಹಳೆಯ ವೀಸಾ ಅದರ ಹಳೆಯ ಷರತ್ತುಗಳ ಸಮೇತ ತಾನಾಗಿ ಮುಂದುವರಿಯುತ್ತದೆ. ಹಳೆಯದರಲ್ಲಿ ಕೆಲಸಕ್ಕೆ ಅನುಮತಿ ಇದ್ದರೆ ಈಗಲೂ ಇದೆ. ಇಲ್ಲದಿದ್ದರೆ ಈಗಲೂ ಇಲ್ಲ. ಒಂದೇ ದಿನ ತಡವಾಗಿ ಹಾಕಿದ್ದರೂ ಈ ರಕ್ಷೆಯಿಲ್ಲ. ಕಂಪನಿಯವರು ಗೃಹ ಇಲಾಖೆಗೆ ವಿಚಾರಿಸಿದರೆ, ಹೌದು, ಇವನು ಕೆಲಸ ಮಾಡಬಹುದು ಎಂದು ಇಲಾಖೆಯೇ ಲಿಖಿತ ಉತ್ತರ ಕೊಡುತ್ತದೆ. ಅದು ಕಂಪನಿಗೆ ಆರು ತಿಂಗಳ ರಕ್ಷೆ. ಉತ್ತರ ಬಂತು, ಮಗ ಕೆಲಸಕ್ಕೆ ಹೋದ.

ಓದು ಈಗಷ್ಟೇ ಮುಗಿಸಿದ ವಿದ್ಯಾರ್ಥಿಗೂ ಪ್ರಮಾಣಪತ್ರ ಕೈಗೆ ಬಂದು ಅರ್ಜಿ ಸೇರಿದ ಮೇಲೆ ಆ ಕಾಯಂ ಕೆಲಸವನ್ನು ಆರಂಭಿಸಲು ಕೆಲವು ಷರತ್ತುಗಳ ಮೇಲೆ ಅನುಮತಿಯಿದೆ. ಭಾರತದಲ್ಲಿ ಕುಳಿತು ಅರ್ಜಿ ಹಾಕಿದವರದು ಬೇರೆ ಮಾತು. ಅವರಿಗೆ ಸಾಧಾರಣವಾಗಿ ಮೂರು ವಾರ. ವೀಸಾ ಕೈಗೆ ಬಾರದೆ ಅಲ್ಲಿ ಹೋಗಿ ಒಂದು ತಾಸೂ ದುಡಿಯುವಂತಿಲ್ಲ. ನಮ್ಮ ಹಾಗೆ ಸಂದರ್ಶಕರಾಗಿ ಹೋಗಿ ಅಲ್ಲಿಯೇ ಕೆಲಸದ ವೀಸಾಕ್ಕೆ ಬದಲಾಯಿಸುವಂತೆಯೂ ಇಲ್ಲ.

ಕೆಲಸದ ಚಿಂತೆ ಹರಿದ ಸಂತೋಷಕ್ಕೆ ಆಗಸ್ಟ್ 9, ಶನಿವಾರ ಬಾಡಿಗೆ ಕಾರಿನಲ್ಲಿ ವೇಲ್ಸ್ ಕಡೆಗೆ ಹೊರಟೆವು. ಲೆಸ್ಟರಿನಿಂದ ಪಶ್ಚಿಮಕ್ಕೆ ಸಮುದ್ರದವರೆಗೆ ಸುಮಾರು 300 ಕಿಲೋಮೀಟರು. ಒಂದು ಕಡೆ ರಸ್ತೆ ಬದಿಯಲ್ಲಿ ‘ಕ್ರೋಯ್ಸೊ ಇ ಗಮ್ರಿ’ ಎಂಬ ಫಲಕ ಬಂತು: ವೇಲ್ಸಿಗೆ ಸ್ವಾಗತ. ಅಲ್ಲಿಂದ ಮುಂದೆ ಪ್ರತಿ ಫಲಕದಲ್ಲೂ ಎರಡು ಭಾಷೆ. ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ ‘ಅರಾವ್’ ಎಂದು ಬರೆದಿದ್ದಾರೆ, ನಿಧಾನ ಎಂದರ್ಥ. ನಮಗೆ ಒಮ್ಮೆಲೆ ಊರು ನೆನಪಾಯಿತು. ಗಡಿಯೆಂದರೆ ಇಷ್ಟೇ, ಫಲಕದ ಅಕ್ಷರ ಬದಲಾಗುವುದು. “ಇಲ್ಲೆ ನಿನ್ನ ಕಾಗದ ಯಾರೂ ಕೇಳಲಿಲ್ಲಲ್ಲೋ” ಎಂದೆವು. “ಇದು ಇದೇ ದೇಶ ಅಪ್ಪಾ. ಸ್ಕಾಟ್‌ಲೆಂಡಿಗೂ ಹೋಗಬಹುದು. ನನ್ನ ಸೀಮಿ ಸಮುದ್ರದ ತನಕ” ಎಂದ.

ಕಾನ್ವಿ ಎಂಬ ಊರಿನ ಕೋಟೆಯ ಮುಂದೆ ಕಾರು ನಿಲ್ಲಿಸಿ ಅವನು ನೀರು ತರಲು ಹೋದಾಗ ಅಕ್ಕಲಕೋಟೆಯಿಂದ ತಮ್ಮನ ಫೋನು ಬಂತು. ಅವ್ವ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ. ಸೊಂಟದ ಎಲುಬು ಮುರಿದಿದೆ. ಆಂಬುಲೆನ್ಸಿನಲ್ಲಿ ಸೋಲಾಪುರಕ್ಕೆ ಒಯ್ಯುತ್ತಿದ್ದಾರೆ. ಸೋಮವಾರ ಶಸ್ತ್ರಚಿಕಿತ್ಸೆ. ವಯಸ್ಸು ನೋಡಿದರೆ ಏನೂ ಹೇಳಲಾಗದು ಎಂದು ಡಾಕ್ಟರರು ಅಂದಿದ್ದಾರೆ.

ಮಗ ನೀರು ತಂದು ಯಾರ ಫೋನು ಎಂದು ಕೇಳಿದ. “ಅಂಗಡಿದು” ಎಂದೆವು.

ಹಾಗೆ ಏಕೆ ಹೇಳಿದೆವೆಂದು ಈಗಲೂ ನಮ್ಮನ್ನು ನಾವು ಕೇಳಿಕೊಳ್ಳುತ್ತೇವೆ. ಆ ಹುಡುಗನಿಗೆ ಅಜ್ಜಿ ಎಂದರೆ ತಾಯಿಗಿಂತ ಹೆಚ್ಚು. ನಾವಿಬ್ಬರೂ ಅಂಗಡಿಯಲ್ಲಿದ್ದಾಗ ಅವನನ್ನು ಬೆಳೆಸಿದವಳು ಅವಳು. ತಿಳಿದರೆ ಅದೇ ರಾತ್ರಿ ವಿಮಾನ ಹತ್ತುತ್ತಾನೆ. ಹತ್ತಿದರೆ ಏನಾಗುತ್ತದೆಂಬುದು ಅರ್ಜಿ ಹಾಕಿದ ದಿನವೇ ನಮಗೆ ಗೊತ್ತಾಗಿತ್ತು. ಅಂದು ನಾವು, “ಪಾಸ್‌ಪೋರ್ಟ್ ನಿನ್ನ ಕೈಯಾಗೇ ಅದ, ಟಿಕೆಟ್ ಸಿಗ್ತದ, ನಡುವ ಒಮ್ಮೆ ಊರಿಗೆ ಬಂದು ಹೋಗು” ಎಂದಿದ್ದೆವು. ಅವನು ಬಿಡಿಸಿ ಹೇಳಿದ್ದ: “ಅದೇ ಮೋಸ ಅಪ್ಪಾ. ಹೊರಗ ಹೋಗುವಾಗ ಇಲ್ಲೆ ವಲಸೆ ಅಧಿಕಾರಿ ಕೂತಿರೂದಿಲ್ಲ, ಯಾರೂ ತಡಿಯೂದಿಲ್ಲ. ಆದ್ರ ಹೋದ ಕೂಡಲೇ ಅರ್ಜಿ ನಾನೇ ಹಿಂದ ತಗೊಂಡಂಗ.” ಬ್ರಿಟನ್, ಐರ್ಲೆಂಡ್, ಐಲ್ ಆಫ್ ಮ್ಯಾನ್, ಚಾನೆಲ್ ದ್ವೀಪಗಳು, ಇಷ್ಟು ಸೇರಿ ಅವರ ಸಾಮಾನ್ಯ ಪ್ರಯಾಣದ ವಲಯ. ನಿರ್ಣಯ ಬರುವ ಮೊದಲು ಅದರಾಚೆ ಕಾಲಿಟ್ಟರೆ ಅರ್ಜಿಯೂ ಹೋಯಿತು, ಅದರ ಬಲದ ಮೇಲೆ ಮುಂದುವರಿದಿದ್ದ ಹಳೆಯ ವೀಸಾವೂ ಹೋಯಿತು. ಮತ್ತೆ ಭಾರತದಿಂದ ಹೊಸ ಅರ್ಜಿ. ಹೊಸ ಮಿತಿ 33,400. ಇವನ ಸಂಬಳ 32,000. ಮೂರು ವರ್ಷದ ಓದು, ದುಡಿಮೆ, ಎಲ್ಲ ಅಲ್ಲಿಗೆ ಮುಗಿದಂತೆ.

ಆ ರಾತ್ರಿ ಉಳಿದುಕೊಂಡ ಮನೆಯಲ್ಲಿ ನಾವಿಬ್ಬರೂ ಮಲಗಲಿಲ್ಲ. ಹೇಳಬೇಕು ಎಂದು ನಮ್ಮ ಮನೆಯವರು. ಸೋಮವಾರ ಶಸ್ತ್ರಚಿಕಿತ್ಸೆ ಮುಗಿಯಲಿ ಎಂದು ನಾವು. ಗೋಡೆಯಾಚೆ ಮಗ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದ.

ಭಾನುವಾರ ಮೆನೈ ಜಲಸಂಧಿ ದಾಟಿದೆವು. 1826ರಲ್ಲಿ ಥಾಮಸ್ ಟೆಲ್‌ಫರ್ಡ್ ಕಟ್ಟಿಸಿದ ತೂಗುಸೇತುವೆ ಅಲ್ಲಿದೆ. ಆಚೆ ಆಂಗ್ಲ್‌ಸಿ ದ್ವೀಪ. ಅದರ ತುದಿಗೆ ಹಾಲಿಹೆಡ್ ಬಂದರು, ವೇಲ್ಸ್ ಭಾಷೆಯಲ್ಲಿ ಕೈರ್‌ಗಬಿ. ಅಲ್ಲಿಂದ ಹಡಗು ಐರ್ಲೆಂಡಿನ ಡಬ್ಲಿನ್ನಿಗೆ ಮೂರು ತಾಸು ಚಿಲ್ಲರೆಯಲ್ಲಿ ಮುಟ್ಟುತ್ತದೆ. ಬೆಳ್ಳಗಿನ ದೊಡ್ಡ ಹಡಗೊಂದು ಕಾರುಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಹೊರಟಿತ್ತು. ಐರ್ಲೆಂಡ್ ಅದೇ ವಲಯದೊಳಗೆ ಇದ್ದರೂ ನಮ್ಮ ಪಾಸ್‌ಪೋರ್ಟಿನ ತನ್ನಂಥವರಿಗೆ ಅವರದೇ ವೀಸಾ ಬೇಕೆಂದು ಮಗ ಹೇಳುತ್ತಿದ್ದ. ಅಷ್ಟರಲ್ಲಿ ಅವನ ಫೋನು ಬಾರಿಸಿತು. ಜತ್ತಿನಲ್ಲಿ ಕೊಟ್ಟ ನಮ್ಮ ಮಗಳು. ಹಿಂದಿನ ದಿನ ನೂಲಹುಣ್ಣಿಮೆ. ರಾಖಿಯ ಮಾತಿಗೆ ಎಂದು ತಿಳಿದು ನಗುತ್ತಲೇ ಎತ್ತಿದ. ಅವಳು ಆಸ್ಪತ್ರೆಯಿಂದ ಅಳುತ್ತ ಮಾತಾಡಿದ್ದು ನಮಗೂ ಕೇಳಿಸಿತು.

ಫೋನು ಇಟ್ಟು ಅವನು ಬಹಳ ಹೊತ್ತು ಹಡಗನ್ನೇ ನೋಡಿದ. ಆಮೇಲೆ ಕೇಳಿದ: “ನಿನ್ನೆ ಫೋನು ಅಂಗಡಿದಲ್ಲ, ಹೌದಲ್ಲರೀ?”

ನಾವು ಉತ್ತರ ಕೊಡಲಿಲ್ಲ.

“ಅಪ್ಪಾ, ಹೋಗೂದು ಬಿಡೂದು ನನ್ನ ಲೆಕ್ಕ. ಲುಕ್ಸಾನು ಆದ್ರ ನಂದು. ಆಯಿ ನಂದಲ್ಲೇನು? ನನ್ನ ಖಾತೆ ನೀವು ಬರದ್ರ ಹೆಂಗ?”

ಮಗ ನಮ್ಮ ಮುಂದೆ ಅಷ್ಟು ಗಟ್ಟಿಯಾಗಿ ಎಂದೂ ಮಾತಾಡಿದವನಲ್ಲ. ಅವನ ಮಾತಿನಲ್ಲಿ ತಪ್ಪೂ ಇರಲಿಲ್ಲ. ಇನ್ನೊಬ್ಬರ ಖಾತೆಯಲ್ಲಿ ಅವರಿಗೆ ತಿಳಿಸದೆ ಬರೆಯಬಾರದೆಂದು ಅವನಿಗೆ ಕಲಿಸಿದವರು ನಾವೇ. ಉಳಿಸಿದ ಆ 500 ಪೌಂಡು ಅಲ್ಲಿ ನೆನಪಾಯಿತು. ಅಂದು ಕಟ್ಟಿದ್ದರೆ ಜುಲೈ ತಿಂಗಳಲ್ಲೇ ನಿರ್ಣಯ ಬಂದಿರುತ್ತಿತ್ತು. ಈ ಹೊತ್ತು ಅವನು ತಡೆಯಿಲ್ಲದೆ ವಿಮಾನ ಹತ್ತಬಹುದಿತ್ತು.

ಸಂಜೆಯೊಳಗೆ ಟಿಕೆಟ್ಟು ಹುಡುಕಿ ಇಟ್ಟ. ಕೊಳ್ಳುವ ಮೊದಲು ಅಜ್ಜಿಯ ಕೂಡ ಮಾತಾಡುತ್ತೇನೆಂದ. ತಮ್ಮ ಆಸ್ಪತ್ರೆಯಲ್ಲಿ ಫೋನನ್ನು ಅವ್ವನ ಮುಖದ ಮುಂದೆ ಹಿಡಿದ. ಅಲ್ಲಿ ರಾತ್ರಿ. ಅವ್ವನ ದನಿ ಸಣ್ಣಗಿತ್ತು. “ಆಯೀ, ನಾ ಬರ್ತೀನಿ” ಎಂದ. ಬಂದರೆ ಕಾಗದ ಹೋಗುತ್ತದೆಂಬ ಮಾತನ್ನು ಮೊಮ್ಮಗಳು ಅಷ್ಟರಲ್ಲೇ ಅವಳಿಗೆ ತಿಳಿಸಿದ್ದಳು.

“ನನ್ನ ನೇಮ ಮುರೀತೋ ತಮ್ಮಾ” ಎಂದಳು ಅವ್ವ. “ಊರ ಸೀಮಿ ದಾಟಿಸಿ ಇಲ್ಲಿಗೆ ತಂದು ಹಾಕ್ಯಾರ. ನನ್ನ ಕೈಯಾಗ ಇರಲಿಲ್ಲ. ನಿಂದು ನಿನ್ನ ಕೈಯಾಗ ಅದ. ಮುರೀಬ್ಯಾಡ. ದೀಪಾವಳಿಗೆ ಬಾ ಅಂದಿದ್ದೆ, ದೀಪಾವಳಿಗೇ ಬಾ.”

ಅವನು ಟಿಕೆಟ್ಟು ಕೊಂಡ. ಒಂದಲ್ಲ, ಎರಡು, ನಮ್ಮಿಬ್ಬರ ಹೆಸರಿನಲ್ಲಿ. ಆಗಸ್ಟ್ 13ಕ್ಕೆ ಹೀಥ್ರೋದವರೆಗೆ ಬಂದು ಬಿಟ್ಟ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಒಳಗೆ ಹೋಗುವ ಬಾಗಿಲಲ್ಲಿ ನಮ್ಮ ಕಾಲು ಮುಟ್ಟಿ, “ಇನ್ನ ಮ್ಯಾಲೆ ಎಲ್ಲಾ ಹೇಳ್ರಿ. ಏನೇ ಇರಲಿ, ಮೊದಲು ಹೇಳ್ರಿ” ಎಂದ. ಆಗಲಿ ಎಂದು ಮಾತು ಕೊಟ್ಟೆವು. ಅವನು ಹೇಳಿದ್ದು ನಿಜ. ಆ ಬಾಗಿಲಲ್ಲಿ ಹೊರಗೆ ಹೋಗುವವರನ್ನು ತಡೆಯುವ ಅಧಿಕಾರಿ ಯಾರೂ ಇರಲಿಲ್ಲ. ನಮ್ಮ ಜೊತೆ ನಡೆದು ಬಂದಿದ್ದರೆ ಬರಬಹುದಿತ್ತು. ಅವನು ಗೆರೆಯ ಆಚೆ ತಾನಾಗಿ ನಿಂತುಕೊಂಡ.

ಅವ್ವನ ಶಸ್ತ್ರಚಿಕಿತ್ಸೆ ಸೋಮವಾರವೇ ಆಗಿತ್ತು. ದೇವರ ದಯೆಯಿಂದ ಸುಸೂತ್ರ. ನಾವು ಬಂದಾಗ ಹಾಸಿಗೆಯಲ್ಲಿ ಒರಗಿ ಕುಳಿತಿದ್ದಳು. ಸೆಪ್ಟೆಂಬರ್ 1ಕ್ಕೆ, ಅರ್ಜಿ ಹಾಕಿ ಸರಿಯಾಗಿ ಏಳು ವಾರಕ್ಕೆ, ಮಗನಿಗೆ ಮಂಜೂರಾದ ಪತ್ರ ಬಂತು. ಈಗ ಕಾರ್ಡೂ ಇಲ್ಲ, ಪಾಸ್‌ಪೋರ್ಟಿನ ಮೇಲೆ ಚೀಟಿಯೂ ಇಲ್ಲ. ಎಲ್ಲ ಗಣಕಯಂತ್ರದ ದಾಖಲೆ. ಅಕ್ಟೋಬರಿನಲ್ಲಿ ದೀಪಾವಳಿಗೆ ಎರಡು ದಿನ ಮುಂಚೆ ಅವನು ಬಂದ. ಅವ್ವ ನಾಲ್ಕು ಕಾಲಿನ ಊರುಗೋಲು ಹಿಡಿದು, ಮೂರು ಸಲ ನಿಂತು, ಬಾಗಿಲವರೆಗೆ ಬಂದಳು. “ಮುಂದಿನ ವರ್ಷ ನೇಮ ಹಿಡಿಯುವಾಗ ದವಾಖಾನಿ ಬಿಟ್ಟು ಅಂತ ಸೇರಿಸ್ತೀನಿ” ಎಂದು ನಕ್ಕಳು.

ಎಲ್ಲ ಒಳ್ಳೆಯದಾಯಿತು. ಆದರೆ ಒಳ್ಳೆಯದಾದದ್ದು ನಮ್ಮ ಜಾಣತನದಿಂದಲ್ಲ. ಆ ಸೋಮವಾರ ಬೇರೆ ರೀತಿ ಆಗಿದ್ದರೆ ಮಗ ನಮ್ಮನ್ನು ಕ್ಷಮಿಸುತ್ತಿದ್ದನೋ ಇಲ್ಲವೋ, ನಾವು ನಮ್ಮನ್ನು ಕ್ಷಮಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಮಕ್ಕಳನ್ನು ಆ ದೇಶಕ್ಕೆ ಕಳಿಸಿರುವ ಬಂಧುಗಳಲ್ಲಿ ನಾಲ್ಕು ವಿನಂತಿ.

ಇದ್ದ ವೀಸಾ ಮುಗಿಯುವ ತಾರೀಖನ್ನು ಮಗ ಮಾತ್ರವಲ್ಲ, ನೀವೂ ಬರೆದಿಟ್ಟುಕೊಳ್ಳಿ. ಅದರೊಳಗೆ ಅರ್ಜಿ ಸೇರಿದ್ದರೆ ಕೆಲಸಕ್ಕೆ ಧಕ್ಕೆಯಿಲ್ಲ. ಅರ್ಜಿ ನಿರ್ಣಯವಾಗುವ ತನಕ ಅವನನ್ನು ಲಗ್ನಕ್ಕೆ, ಗೃಹಪ್ರವೇಶಕ್ಕೆ ಬಾ ಎಂದು ಕರೆಯಬೇಡಿ; ಸಾಧ್ಯವಾದರೆ ಮುಹೂರ್ತವನ್ನೇ ಮುಂದೆ ಇಡಿ. ಮನೆಯಲ್ಲಿ ವಯಸ್ಸಾದವರಿದ್ದರೆ, ಬೇಗ ನಿರ್ಣಯಕ್ಕೆ ಕೇಳುವ ಹೆಚ್ಚಿನ ಹಣವನ್ನು ಅರ್ಜಿ ಹಾಕುವಾಗಲೇ ಕಟ್ಟಿಬಿಡಿ. ಅದು ಖರ್ಚಲ್ಲ, ವಿಮೆ. ನಾವು ಬರೆದ ಶುಲ್ಕ, ಮಿತಿಗಳೆಲ್ಲ 2025ರವು. ಓದು ಮುಗಿಸಿದವರಿಗೆ ಕೊಡುವ ಎರಡು ವರ್ಷವೂ ಪದವಿ, ಸ್ನಾತಕೋತ್ತರ ಪದವಿಯವರಿಗೆ 2027ರ ಜನವರಿ 1ರಿಂದ ಹಾಕುವ ಅರ್ಜಿಗಳಿಗೆ 18 ತಿಂಗಳೆಂದು ನಿಗದಿಯಾಗಿದೆ. ಆದ್ದರಿಂದ ಆಯಾ ಕಾಲದ ನಿಯಮವನ್ನು ಸರಕಾರದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಮನೆಯಲ್ಲಿ ಏನಾದರೂ ಆದರೆ ಮಕ್ಕಳಿಂದ ಮುಚ್ಚಿಡಬೇಡಿ. ಗೆರೆ ದಾಟುವುದೋ ನಿಲ್ಲುವುದೋ ಅವರೇ ಎಣಿಸಲಿ. ತಾನಾಗಿ ಒಪ್ಪಿಕೊಂಡ ಸೀಮೆ ಎಷ್ಟೇ ಕಠಿಣವಾದರೂ ನೇಮ. ತಿಳಿಯದಂತೆ ಇನ್ನೊಬ್ಬರು ಹಾಕಿದ್ದು, ಪ್ರೀತಿಯಿಂದಲೇ ಹಾಕಿದ್ದರೂ, ಸೆರೆ. ಅವ್ವ ಶಾಲೆ ಕಲಿತವಳಲ್ಲ. ಆದರೆ ಆ ರಾತ್ರಿ ಸೋಲಾಪುರದ ಆಸ್ಪತ್ರೆಯಿಂದ ಅವಳು ಮೊಮ್ಮಗನಿಗೆ ತಿಳಿಸಿದ್ದು ಇದನ್ನೇ ಎಂದು ನಮಗೆ ಅನ್ನಿಸುತ್ತದೆ.